ಜೋಗ ಸೀಮೆಯ ಹವ್ಯಾಸಿ ಹಾಡುಕಟ್ಟುಗರು: ಮೇಳದ ವಿಮರ್ಶೆಯ ಸ್ವರೂಪ

ಪೀಠಿಕೆ

ಜನಪದ ಹಾಡಿಗೆ ಕರ್ತೃವಿಲ್ಲ ಎಂಬ ಮಾತು ಕನ್ನಡ ಜಾನಪದ ಅಧ್ಯಯನದ ಆರಂಭದ ದಿನಗಳಿಂದಲೂ ಕೇಳಿಬರುತ್ತಿದೆ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದಾಗ, ಅಳಿದುಹೋಗಬಹುದಾದ ಪಠ್ಯವನ್ನು ಉಳಿಸಿಕೊಳ್ಳುವುದು ಸಂಗ್ರಾಹಕರ ಮೊದಲ ಕರ್ತವ್ಯವಾಗಿತ್ತು. ಅದು ಸಹಜವೂ ಹೌದು. ಆದರೆ ಪಠ್ಯದ ಮೇಲೆಯೇ ದೃಷ್ಟಿ ನೆಟ್ಟ ಕಾರಣ ಹೊಸ ಹಾಡೊಂದು ಪರಂಪರೆಯೊಳಗೆ ಹೇಗೆ ಪ್ರವೇಶಿಸುತ್ತದೆ, ಅದನ್ನು ಮೊದಲು ಕೇಳುವವರು ಯಾರು, ತಿದ್ದುವವರು ಯಾರು, ತಳ್ಳಿಹಾಕುವವರು ಯಾರು ಎಂಬ ಪ್ರಶ್ನೆಗಳು ಬಹುಕಾಲ ಹಿಂದೆಯೇ ಉಳಿದವು. ಕರ್ತೃವಿಲ್ಲವೆಂದ ಮೇಲೆ ವಿಮರ್ಶಕನೂ ಇರಲಾರ ಎಂಬ ಗ್ರಹಿಕೆಯೂ ಇದರೊಡನೆ ಬೆಳೆಯಿತು.

ವಾಸ್ತವ ಹಾಗಿಲ್ಲ. ಹಾಡು ಕಟ್ಟುವ ಹವ್ಯಾಸವುಳ್ಳವರು ತಮ್ಮ ರಚನೆಯನ್ನು ಇತರರ ಮುಂದಿಟ್ಟು ಅಭಿಪ್ರಾಯ ಕೋರುವ ವ್ಯವಸ್ಥೆ ಹಳ್ಳಿಯ ಬದುಕಿನಲ್ಲಿಯೇ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳನ್ನು ಒಳಗೊಂಡ ಜೋಗ ಸೀಮೆಯಲ್ಲಿ ದೀಪಾವಳಿಯ ಅಂಟಿಗೆ-ಪಂಟಿಗೆಯ ಮೇಳ, ಹೆಂಗಸರ ಹಾಡಿನ ಬಳಗ ಹಾಗೂ ಯಕ್ಷಗಾನ-ತಾಳಮದ್ದಳೆಯ ಕೂಟ ಎಂಬ ಮೂರು ನೆಲೆಗಳಲ್ಲಿ ಈ ವ್ಯವಸ್ಥೆಯನ್ನು ಗುರುತಿಸಬಹುದು. ಇಲ್ಲಿ ವಿಮರ್ಶೆ ಮಾತಿನ ರೂಪದಲ್ಲಿ ಬರುವುದು ಕಡಿಮೆ; ಅದು ಹಾಡಿನ ರೂಪದಲ್ಲಿಯೇ ಬರುತ್ತದೆ. ಒಂದು ಸಾಲನ್ನು ಒಪ್ಪದವನು ಅದಕ್ಕೆ ಬದಲಾಗಿ ಇನ್ನೊಂದನ್ನು ಹಾಡಿ ತೋರಿಸಬೇಕು. ಈ ನಿಯಮದ ಸ್ವರೂಪವನ್ನು ವಿವರಿಸುವುದು, ಅದು ಸಡಿಲಗೊಂಡಾಗ ಕಳೆದುಹೋಗುವುದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಾತ್ವಿಕ ಹಿನ್ನೆಲೆ

ಕನ್ನಡ ಕಾವ್ಯಪರಂಪರೆಗೆ ಈ ವಿಚಾರ ಹೊಸದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಶಾಸ್ತ್ರವನ್ನು ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದ ಜನರಿರುವ ನಾಡೆಂದು ಕನ್ನಡನಾಡನ್ನು ಬಣ್ಣಿಸುತ್ತದೆ. ನಡುಗನ್ನಡದ ಕವಿಗಳು ಕಾವ್ಯಾರಂಭದಲ್ಲಿ ತಮ್ಮ ದೋಷಗಳನ್ನು ಬಲ್ಲವರು ತಿದ್ದಿಕೊಳ್ಳಲೆಂದು ಬೇಡಿಕೊಳ್ಳುವುದು ಒಂದು ರೂಢಿಯೇ ಆಗಿತ್ತು. ಇದನ್ನು ಕೇವಲ ವಿನಯದ ಮಾತೆಂದು ಬದಿಗಿಡುವಂತಿಲ್ಲ. ಕಾವ್ಯವನ್ನು ವಾಚಿಸುತ್ತಿದ್ದ, ಹಾಡುತ್ತಿದ್ದ ಸಮಾಜದಲ್ಲಿ ತಿದ್ದುಪಡಿಯು ನಿಜವಾಗಿಯೂ ಕೇಳುಗರ ಹಕ್ಕಾಗಿತ್ತು.

ಆಧುನಿಕ ಜಾನಪದಶಾಸ್ತ್ರದಲ್ಲಿ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದವರಲ್ಲಿ ಪೀಟರ್ ಬೊಗಾತ್ಯರೆವ್ ಮತ್ತು ರೋಮನ್ ಯಾಕೊಬ್ಸನ್ ಮುಖ್ಯರು. 1929ರಲ್ಲಿ ಪ್ರಕಟವಾದ ಜಂಟಿ ಲೇಖನದಲ್ಲಿ ಅವರು, ವ್ಯಕ್ತಿಯೊಬ್ಬ ರಚಿಸಿದ್ದು ಸಮುದಾಯ ಸ್ವೀಕರಿಸಿದ ಕ್ಷಣದಿಂದ ಮಾತ್ರ ಜಾನಪದವೆನಿಸುತ್ತದೆ, ಸ್ವೀಕೃತವಾಗದ್ದು ಅಳಿದುಹೋಗುತ್ತದೆ ಎಂದು ವಾದಿಸಿದರು. ಲಿಖಿತ ಕಾವ್ಯವಾದರೆ ತನ್ನ ಕಾಲದಲ್ಲಿ ತಿರಸ್ಕೃತವಾದರೂ ಮುಂದೊಂದು ದಿನ ಓದುಗರನ್ನು ಪಡೆಯಬಹುದು. ಮೌಖಿಕ ಹಾಡಿಗೆ ಆ ಎರಡನೆಯ ಅವಕಾಶವಿಲ್ಲ. ಇದಕ್ಕೂ ಮೊದಲು, 1923ರಲ್ಲಿ ವಾಲ್ಟರ್ ಆಂಡರ್ಸನ್ ಜನಪದ ಕಥೆಗಳ ಸಂದರ್ಭದಲ್ಲಿ 'ಸ್ವಯಂ ತಿದ್ದುಪಡಿ'ಯ ತತ್ತ್ವವನ್ನು ಮಂಡಿಸಿದ್ದನು. ಕಥೆಗಾರ ಒಂದೇ ಕಥೆಯನ್ನು ಹಲವರಿಂದ ಹಲವು ಬಾರಿ ಕೇಳಿರುತ್ತಾನೆ. ಅವನು ತಪ್ಪಿದಾಗ ಕೇಳುಗರೇ ಎಚ್ಚರಿಸುತ್ತಾರೆ. ಹೀಗಾಗಿ ಕಥೆ ಸ್ಥಿರವಾಗಿ ಉಳಿಯುತ್ತದೆ ಎಂಬುದು ಅವನ ನಿಲುವು.

ಈ ಎರಡೂ ಸಿದ್ಧಾಂತಗಳು ವಿಮರ್ಶೆಯ ಫಲಿತಾಂಶವನ್ನು ವಿವರಿಸುತ್ತವೆ. ವಿಮರ್ಶೆ ನಡೆಯುವ ಬಗೆಯನ್ನು ತಿಳಿಯಬೇಕಾದರೆ ನಿರ್ದಿಷ್ಟ ಪ್ರದೇಶದ ಹಾಡಿನ ಸಂದರ್ಭಗಳನ್ನೇ ಗಮನಿಸಬೇಕಾಗುತ್ತದೆ.

ಪ್ರದೇಶದ ಸ್ವರೂಪ

ಶರಾವತಿ ನದಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ತಾಲ್ಲೂಕನ್ನು ಹಾಯ್ದು, ಸಾಗರ ತಾಲ್ಲೂಕಿನ ಜೋಗದಲ್ಲಿ ಸುಮಾರು 253 ಮೀಟರ್ ಆಳಕ್ಕೆ ಧುಮುಕುತ್ತದೆ. ಮೂರು ತಾಲ್ಲೂಕುಗಳನ್ನು ಒಂದು ಸಾಂಸ್ಕೃತಿಕ ಘಟಕವಾಗಿ ಕಾಣಲು ಈ ನದಿಯೇ ಆಧಾರ. ಅಡಿಕೆ ತೋಟ, ಗದ್ದೆ, ಬ್ಯಾಣ ಮತ್ತು ಕಾಡುಗಳ ನಡುವೆ ಹರಡಿಕೊಂಡ ಒಂಟಿಮನೆಗಳು, ನಾಲ್ಕಾರು ಮನೆಗಳ ಮಜರೆಗಳು ಇಲ್ಲಿನ ವಸತಿಯ ಲಕ್ಷಣ. ದೀವರು, ಹವ್ಯಕರು, ಒಕ್ಕಲಿಗರು, ಲಿಂಗಾಯತರು, ಮಡಿವಾಳರು, ಹಸಲರು ಮೊದಲಾದ ಸಮುದಾಯಗಳು ಇಲ್ಲಿ ನೆಲೆಸಿವೆ. ಬಯಲುಸೀಮೆಯ ಊರಿನಂತೆ ಇಲ್ಲಿ ಸಂಜೆಗೊಮ್ಮೆ ಎಲ್ಲರೂ ಸೇರುವ ಕಟ್ಟೆಯಿಲ್ಲ. ಆದುದರಿಂದ ಹಾಡಿಗೆ ಕೇಳುಗರು ಬೇಕೆಂದರೆ ಹಾಡುಗಾರರೇ ಮನೆಯಿಂದ ಮನೆಗೆ ನಡೆಯಬೇಕು. ಇಲ್ಲವೇ ಮದುವೆ, ಹಬ್ಬ, ಕೂಟಗಳನ್ನು ಕಾಯಬೇಕು. ಇಲ್ಲಿನ ಹಾಡಿನ ವಿಮರ್ಶೆಯ ಸ್ವರೂಪವನ್ನು ನಿರ್ಧರಿಸಿರುವ ಮೊದಲ ಅಂಶ ಇದೇ.

ಅಂಟಿಗೆ-ಪಂಟಿಗೆ: ಹಿಮ್ಮೇಳದಿಂದ ಮುಮ್ಮೇಳಕ್ಕೆ

ದೀಪಾವಳಿಯ ಬಲಿಪಾಡ್ಯಮಿಯ ಸಂದರ್ಭದಲ್ಲಿ ಗಂಡಸರ ತಂಡವು ದೇವಸ್ಥಾನದಲ್ಲಿ ಹಚ್ಚಿದ ಜ್ಯೋತಿಯನ್ನು ಹಿಡಿದು ರಾತ್ರಿಯಿಡೀ ಮನೆಮನೆಗೆ ಹೋಗುವ ಆಚರಣೆಯೇ ಅಂಟಿಗೆ-ಪಂಟಿಗೆ. ಸಾಗರದ ಕಡೆಗೆ ಇದನ್ನು 'ಹಬ್ಬಾಡುವುದು' ಎಂದೂ ಕರೆಯುತ್ತಾರೆ. ಜ್ಯೋತಿ ದಾರಿಯಲ್ಲಿ ನಂದಬಾರದು. ಬಾಗಿಲು ತೆರೆಸುವ ಹಾಡು, ದೀಪಕ್ಕೆ ಎಣ್ಣೆ ಬೇಡುವ ಹಾಡು, ಬಲೀಂದ್ರನ ಹಾಡು, ಮನೆಯವರನ್ನು ಹರಸುವ ಹಾಡು, ದಾರಿಯ ಹಾಡು ಎಂದು ಸಂದರ್ಭಕ್ಕೆ ತಕ್ಕ ವಿಂಗಡಣೆಯುಂಟು. ಮನೆಯವರು ತಂಡದ ಜ್ಯೋತಿಯಿಂದ ತಮ್ಮ ದೀಪವನ್ನು ಹಚ್ಚಿಕೊಂಡು ಅಕ್ಕಿ, ಕಾಯಿ, ಬೆಲ್ಲ, ಹಣವನ್ನು ನೀಡುತ್ತಾರೆ.

ಹಾಡುವ ಕ್ರಮವು ಇಲ್ಲಿ ಗಮನಾರ್ಹ. ಇಬ್ಬರು ಮುಂದಾಗಿ ಸಾಲನ್ನು ಹೇಳುತ್ತಾರೆ, ಉಳಿದವರು ಅದನ್ನೇ ಹಿಂದಿನಿಂದ ಎತ್ತಿಕೊಳ್ಳುತ್ತಾರೆ. ಮೇಳಕ್ಕೆ ಹೊಸದಾಗಿ ಸೇರಿದವನ ಸ್ಥಾನ ಹಿಂದೆ. ಕೆಲವು ವರ್ಷಗಳ ಕಾಲ ಅನ್ಯರ ಹಾಡನ್ನು ಎತ್ತಿಕೊಂಡ ಬಳಿಕವೇ ಮುಂದೆ ನಿಂತು ಸಾಲು ಹೇಳುವ ಅವಕಾಶ. ಹೊಸ ಸಾಲು ಕಟ್ಟುವ ಸ್ವಾತಂತ್ರ್ಯವಿರುವುದು ಹೆಚ್ಚಾಗಿ ದಾರಿಯ ಹಾಡಿನಲ್ಲಿ ಮತ್ತು ಹರಕೆಯ ಹಾಡಿನಲ್ಲಿ. ಬಾಗಿಲು ತೆರೆಸುವ ಹಾಡು ಆಚರಣೆಯ ಅಂಗವಾದುದರಿಂದ ಅಲ್ಲಿ ಬದಲಾವಣೆಗೆ ಎಡೆ ಕಡಿಮೆ. ಹೀಗೆ ಹವ್ಯಾಸಿಗೆ ಪ್ರಯೋಗ ಮಾಡಬಹುದಾದ ಜಾಗ ಯಾವುದು, ಮಾಡಬಾರದ ಜಾಗ ಯಾವುದು ಎಂಬುದನ್ನು ಆಚರಣೆಯೇ ಗೊತ್ತುಮಾಡಿದೆ.

ಹೊಸ ಸಾಲಿನ ಪರೀಕ್ಷೆ ಹಿಮ್ಮೇಳದಲ್ಲಿಯೇ ನಡೆಯುತ್ತದೆ. ಹಿಂದಿನವರಿಗೆ ಸಾಲನ್ನು ಬರೆದುಕೊಳ್ಳಲು ಸಮಯವಿಲ್ಲ. ಒಮ್ಮೆ ಕಿವಿಗೆ ಬಿದ್ದುದನ್ನು ಕೂಡಲೇ ತಿರುಗಿ ಹಾಡಬೇಕು. ಸಾಲು ಉದ್ದವಾದರೆ, ಪದ ಅಪರಿಚಿತವಾದರೆ, ಉಸಿರು ನಿಲ್ಲುವ ಜಾಗ ತಪ್ಪಿದರೆ ಅವರ ದನಿ ಚದುರುತ್ತದೆ. ಹಲವು ಬಾರಿ ಅವರು ತಮಗರಿವಿಲ್ಲದೆಯೇ ಪದವನ್ನು ಬದಲಿಸಿ ಹಾಡಿಬಿಡುತ್ತಾರೆ. ಮುಂದೆ ನಿಂತವನು ಎರಡನೆಯ ಮನೆಯಲ್ಲಿ ತಾನು ಕಟ್ಟಿದ್ದನ್ನು ಹೇಳುವನೋ, ಹಿಂದಿನವರು ತಿರುಗಿಸಿಕೊಟ್ಟಿದ್ದನ್ನು ಹೇಳುವನೋ ಎಂಬುದರಲ್ಲಿ ಅವನ ವಿವೇಕ ಅಡಗಿದೆ. ಒಂದೇ ರಾತ್ರಿ ಹತ್ತಾರು ಮನೆಗಳ ಮುಂದೆ ಒಂದೇ ಹಾಡನ್ನು ಹಾಡುವುದರಿಂದ, ಬೆಳಗಾಗುವಷ್ಟರಲ್ಲಿ ಸಾಲು ಹಲವರ ಬಾಯಲ್ಲಿ ಉಜ್ಜಿ ನಯವಾಗಿರುತ್ತದೆ, ಇಲ್ಲವೇ ಬಿಟ್ಟುಹೋಗಿರುತ್ತದೆ. ಯಾರೂ 'ಇದು ಚೆನ್ನಾಗಿಲ್ಲ' ಎಂದು ಹೇಳಬೇಕಾದ ಪ್ರಸಂಗವೇ ಬರುವುದಿಲ್ಲ.

ಹೆಂಗಸರ ಹಾಡಿನ ಬಳಗ: ನಕಲಿನ ಮೂಲಕ ಮನ್ನಣೆ

ಮದುವೆ, ಸೀಮಂತ, ನಾಮಕರಣ, ಗೌರಿಹಬ್ಬದಂತಹ ಸಂದರ್ಭಗಳಲ್ಲಿ ಹೆಂಗಸರು ಹಾಡುವ ಹಾಡುಗಳು ಈ ಸೀಮೆಯ ಸಂಪನ್ನ ಪ್ರಕಾರ. ದೀವರ ಹೆಂಗಸರಲ್ಲಿ ಹಸೆ ಚಿತ್ತಾರದೊಂದಿಗೆ ಹಾಡಿನ ಸಂಬಂಧವೂ ಇದೆ. ಹವ್ಯಕ ಮನೆಗಳಲ್ಲಿ ಹಸೆಗೆ ಕರೆಯುವ, ಆರತಿ ಬೆಳಗುವ, ಬೀಗರನ್ನು ಹಾಸ್ಯ ಮಾಡುವ ಹಾಡುಗಳ ದೊಡ್ಡ ಭಂಡಾರವಿದೆ. ಅಕ್ಷರ ಕಲಿತ ತಲೆಮಾರಿನ ಹೆಂಗಸರು ಇವನ್ನು ಪುಸ್ತಕಗಳಲ್ಲಿ ಬರೆದಿಟ್ಟುಕೊಂಡರು. ಹಾಡಿನ ತಲೆಯ ಮೇಲೆ ಅದರ ಧಾಟಿಯ ಹೆಸರು, ಕೆಲವೊಮ್ಮೆ ಚಲನಚಿತ್ರ ಗೀತೆಯ ಧಾಟಿಯ ಸೂಚನೆ, ಅಂಚಿನಲ್ಲಿ ಬೇರೆ ಕೈಬರಹದ ಸೇರ್ಪಡೆ, ನಡುವೆ ಹೊಡೆದುಹಾಕಿದ ಸಾಲು, ಇವು ಅಂತಹ ಪುಸ್ತಕಗಳ ಸಾಮಾನ್ಯ ಲಕ್ಷಣ.

ಹಾಡು ಕಟ್ಟುವ ಗೃಹಿಣಿಯು ತನ್ನ ರಚನೆಯನ್ನು ಸಾಮಾನ್ಯವಾಗಿ ತನ್ನದೆಂದು ಸಾರುವುದಿಲ್ಲ. ಒಂದು ಮದುವೆಯಲ್ಲಿ ಹಾಡುತ್ತಾಳೆ. ಪಕ್ಕದಲ್ಲಿ ಕುಳಿತವರು ದನಿಗೂಡಿಸುತ್ತಾರೆ. ಮರುದಿನ ಯಾರಾದರೂ 'ಆ ಹಾಡು ಬರೆಸಿಕೊಡು' ಎಂದರೆ ಅದೇ ಅವಳಿಗೆ ಸಂದ ಮನ್ನಣೆ. ನಕಲಾಗದ ಹಾಡು ಅವಳ ಪುಸ್ತಕದಲ್ಲಿಯೇ ಉಳಿಯುತ್ತದೆ. ನಕಲಾಗುವ ಹಾಡಿನ ಒಂದು ಲಕ್ಷಣವನ್ನು ಇಲ್ಲಿ ಗಮನಿಸಬೇಕು. ವಧೂವರರ ಹೆಸರು, ಮನೆತನ, ಊರಿನ ಹೆಸರುಗಳನ್ನು ಬದಲಿಸಿಕೊಳ್ಳಲು ಅವಕಾಶವಿರುವ ರಚನೆಯೇ ಮನೆಯಿಂದ ಮನೆಗೆ ಸಾಗುತ್ತದೆ. ಒಂದೇ ಮದುವೆಗೆ ಬಿಗಿಯಾಗಿ ಕಟ್ಟಿಕೊಂಡ ಹಾಡು, ಅದೆಷ್ಟೇ ಚೆಲುವಾಗಿದ್ದರೂ, ಆ ಮದುವೆಯೊಂದಿಗೇ ಮುಗಿಯುತ್ತದೆ. ನಕಲು ಮಾಡಿಕೊಳ್ಳುವವಳು ತನ್ನ ನಾಲಗೆಗೆ ಒಗ್ಗದ ಪದವನ್ನು ಬರೆಯುವಾಗಲೇ ಬದಲಿಸುತ್ತಾಳೆ. ಹೀಗೆ ನಾಲ್ಕು ಪುಸ್ತಕಗಳಲ್ಲಿ ದೊರೆಯುವ ಒಂದು ಹಾಡಿನ ನಾಲ್ಕು ಪಾಠಗಳು ವಾಸ್ತವವಾಗಿ ನಾಲ್ವರು ವಿಮರ್ಶಕಿಯರ ಅಭಿಪ್ರಾಯಗಳಾಗಿವೆ.

ಬೀಗರ ಹಾಡಿನಲ್ಲಿ ಪ್ರತಿಕ್ರಿಯೆ ಇನ್ನೂ ನೇರ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಛೇಡಿಸಿ ಹಾಡಿದರೆ ಅವರು ಅದೇ ಧಾಟಿಯಲ್ಲಿ ಉತ್ತರ ಕಟ್ಟಬೇಕು. ಉತ್ತರ ಹೊಳೆಯದೆ ಹೋದರೆ ಸೋಲು. ಛೇಡಿಕೆ ಮಿತಿ ಮೀರಿದರೆ ಹಿರಿಯ ಹೆಂಗಸೊಬ್ಬಳು ಆರತಿ ಹಾಡನ್ನು ಎತ್ತಿಕೊಂಡು ಪ್ರಸಂಗವನ್ನೇ ತಿರುಗಿಸಿಬಿಡುತ್ತಾಳೆ. ಆಕ್ಷೇಪಣೆಯೂ ಹಾಡಿನಲ್ಲಿಯೇ ಆಯಿತು, ಯಾರ ಮನಸ್ಸೂ ಕೆಡಲಿಲ್ಲ.

ಯಕ್ಷಗಾನ ಪ್ರಸಂಗಕವಿ: ಮೂರು ಪರೀಕ್ಷೆಗಳು

ಬಡಗುತಿಟ್ಟು ಯಕ್ಷಗಾನ ಮತ್ತು ತಾಳಮದ್ದಳೆ ಈ ಸೀಮೆಯಲ್ಲಿ ಬೇರೂರಿದ ಕಲೆಗಳು. ಪ್ರಸಂಗರಚನೆಯು ಹಿಂದಿನಿಂದಲೂ ಬಹುಮಟ್ಟಿಗೆ ಹವ್ಯಾಸಿಗಳ ಕೈಯಲ್ಲಿದೆ. ಶಾಲಾ ಉಪಾಧ್ಯಾಯರು, ಕೃಷಿಕರು, ಅರ್ಚಕರು ಪ್ರಸಂಗಗಳನ್ನು ಬರೆದಿದ್ದಾರೆ. ವ್ಯಾಯಾಮ ಶಿಕ್ಷಕರಾಗಿದ್ದ ಮುದ್ದಣ ಕವಿಯೂ 'ರತ್ನಾವತಿ ಕಲ್ಯಾಣ' ಮತ್ತು 'ಕುಮಾರ ವಿಜಯ' ಪ್ರಸಂಗಗಳನ್ನು ರಚಿಸಿದವನೇ. ನಮ್ಮ ಕಾಲದಲ್ಲಿ ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರು (ನಿಧನ 2020) ಭಾಗವತಿಕೆ, ಬೋಧನೆ ಮತ್ತು ಪ್ರಸಂಗರಚನೆ ಮೂರನ್ನೂ ಒಬ್ಬರೇ ನಿರ್ವಹಿಸಿದರು. ಊರಿಂದೂರಿಗೆ ಹೋಗಿ ಕಲಿಸಿದ ಅವರು ಶಿವಮೊಗ್ಗದಲ್ಲಿ ಅಂಧ ವಿದ್ಯಾರ್ಥಿಗಳಿಗೂ ಯಕ್ಷಗಾನವನ್ನು ಕಲಿಸಿದರು. ಬರೆಯುವವನೇ ಹಾಡಿಸುವವನೂ ಆಗಿದ್ದರೆ ರಚನೆಗೆ ದೊರೆಯುವ ಬಲವೇನೆಂಬುದಕ್ಕೆ ಅವರು ನಿದರ್ಶನ. ಆದರೆ ಎಲ್ಲ ಕವಿಗಳೂ ಭಾಗವತರಲ್ಲ. ಅಂಥವರ ಪದ್ಯ ಮೂರು ಪರೀಕ್ಷೆಗಳನ್ನು ದಾಟಬೇಕು.

ಮೊದಲನೆಯದು ಭಾಗವತನ ಕೊರಳು. ಕವಿ ಸೂಚಿಸಿದ ರಾಗ-ತಾಳಗಳಲ್ಲಿ ಪದ್ಯ ಕುಳಿತುಕೊಳ್ಳದಿದ್ದರೆ ಭಾಗವತನು ರಾಗವನ್ನೋ ಪದವನ್ನೋ ಬದಲಿಸುತ್ತಾನೆ. ವಿವರಣೆಗೆಂದೇ ಕಟ್ಟಿಕೊಂಡ ಒಂದು ಸಾಲನ್ನು ಪರಿಶೀಲಿಸಬಹುದು. 'ದೀಪ ಬಂದಿತು ಮನೆಬಾಗಿಲಿಗೆ' ಎಂಬುದು ಭಾಮಿನಿ ಷಟ್ಪದಿಯ ಸಾಲೆಂದು ಭಾವಿಸಿದರೆ, ಎಣಿಕೆಯಲ್ಲಿ ಹದಿನಾಲ್ಕು ಮಾತ್ರೆಗಳು ಸರಿಯಾಗಿಯೇ ಇವೆ. ಕಾಗದದ ಮೇಲೆ ದೋಷವಿಲ್ಲ. ಆದರೆ ಭಾಮಿನಿಯ ನಡೆ ಮೂರು-ನಾಲ್ಕು, ಮೂರು-ನಾಲ್ಕು. 'ಮನೆ' ಎಂಬಲ್ಲಿ ಎರಡು ಮಾತ್ರೆ ಮುಗಿದು, ಮೂರನೆಯದು 'ಬಾ' ಎಂಬ ದೀರ್ಘಾಕ್ಷರದ ನಡುವೆ ಬೀಳುತ್ತದೆ; ತಾಳ ಅಕ್ಷರವನ್ನು ಸೀಳುತ್ತದೆ. ಹಾಡಬಲ್ಲವನು ಇದನ್ನು 'ದೀಪ ಬಂದಿತು ಮನೆಯ ಬಾಗಿಲ' ಎಂದು ತಿರುಗಿಸಿ, 'ಬಳಿಗೆ' ಎಂಬ ಪದವನ್ನು ಮುಂದಿನ ಸಾಲಿನ ಮೊದಲಿಗೆ ಇಡುತ್ತಾನೆ. ಲೆಕ್ಕದಲ್ಲಿ ಸರಿಯಿದ್ದು ನಡೆಯಲ್ಲಿ ತಪ್ಪಿದುದನ್ನು ಕಣ್ಣಿಗಿಂತ ಮೊದಲು ಕೊರಳು ಹಿಡಿಯುತ್ತದೆ.

ಎರಡನೆಯದು ಮದ್ದಳೆಯ ಪರೀಕ್ಷೆ. ಪದ್ಯದ ಕೊನೆ ತಾಳದ ಮುಕ್ತಾಯಕ್ಕೆ ಹೊಂದದಿದ್ದರೆ ವಾದಕನಿಗೆ ಬಿಡ್ತಿಗೆ ಹಾಕಲು ಎಡೆ ಸಿಗುವುದಿಲ್ಲ. ಮೂರನೆಯದು ಅರ್ಥಧಾರಿಯ ಪರೀಕ್ಷೆ. ಪದ್ಯವೇ ಎಲ್ಲವನ್ನೂ ಹೇಳಿ ಮುಗಿಸಿದರೆ ಅರ್ಥಧಾರಿಗೆ ಹೇಳಲು ಏನೂ ಉಳಿಯುವುದಿಲ್ಲ. ಹವ್ಯಾಸಿ ಕವಿಗಳು ಹೆಚ್ಚಾಗಿ ಎಡವುವುದು ಈ ಮೂರನೆಯ ಪರೀಕ್ಷೆಯಲ್ಲಿ. ತಾಳಮದ್ದಳೆಯ ಕೂಟದಲ್ಲಿ ಕುಳಿತು ತನ್ನ ಪದ್ಯಕ್ಕೆ ಅರ್ಥಧಾರಿ ಚುಟುಕಾಗಿ ಅರ್ಥ ಹೇಳಿ ಮುಂದಕ್ಕೆ ಸರಿದುದನ್ನು ಕಂಡ ಕವಿಗೆ ಬೇರೆ ವಿಮರ್ಶೆ ಬೇಕಾಗುವುದಿಲ್ಲ.

ಮಾತಿನ ವಿಮರ್ಶೆ ಮತ್ತು ಸಂಸ್ಥೆಗಳು

ಮಾತಿನ ಮೂಲಕ ನಡೆಯುವ ವಿಮರ್ಶೆ ಈ ಸೀಮೆಗೆ ಅಪರಿಚಿತವೇನಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಮ್, ಕೆ.ವಿ. ಸುಬ್ಬಣ್ಣ (1932–2005) ಅವರ ನೇತೃತ್ವದಲ್ಲಿ ನಾಟಕ, ಚಲನಚಿತ್ರ ಮತ್ತು ಸಾಹಿತ್ಯಗಳ ಬಗೆಗೆ ಗ್ರಾಮೀಣರು ಮಾತನಾಡುವ ಪರಿಪಾಠವನ್ನು ಬೆಳೆಸಿತು. ರಂಗಪ್ರಯೋಗದ ಬಳಿಕ ಪ್ರೇಕ್ಷಕರು ಕುಳಿತು ಚರ್ಚಿಸುವ ಕ್ರಮ ಅಲ್ಲಿನ ಶಿಬಿರಗಳ ವೈಶಿಷ್ಟ್ಯ. ಅದಕ್ಕೂ ಮುನ್ನ, 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪು ಆಧುನಿಕ ಕವಿಗಳಿಗೆ ಇಂತಹುದೇ ಕೂಟವಾಗಿತ್ತು.

1965ರಲ್ಲಿ ಭದ್ರಾವತಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಈ ಸೀಮೆಯ ಹಾಡುಗಾರರಿಗೆ ಮತ್ತೊಂದು ಬಗೆಯ ಪರೀಕ್ಷೆ ಎದುರಾಯಿತು. ಧ್ವನಿಪರೀಕ್ಷೆಯಲ್ಲಿ ತೇರ್ಗಡೆ ಅಥವಾ ಅನುತ್ತೀರ್ಣ ಎಂಬ ಎರಡೇ ಉತ್ತರಗಳು. ಪ್ರಸಾರಕ್ಕೆ ಅಂತಹ ಮಾನದಂಡ ಅಗತ್ಯವೇ ಸರಿ. ಆದರೆ ತೀರ್ಪು ಬೇರೆ, ತಿದ್ದುಪಡಿ ಬೇರೆ. ಮಾತಿನ ಚರ್ಚೆಯಲ್ಲಿ ವಿಮರ್ಶಕನು ದೋಷವನ್ನು ತೋರಿಸಿ ನಿಲ್ಲಬಹುದು. ಮೇಳದಲ್ಲಿ ದೋಷವನ್ನು ಕಂಡವನು ಪರಿಹಾರವನ್ನೂ ಹಾಡಬೇಕು. ಈ ಹೊಣೆಗಾರಿಕೆಯೇ ಮೇಳದ ವಿಮರ್ಶೆಯನ್ನು ಸೌಮ್ಯವಾಗಿಯೂ ಖಚಿತವಾಗಿಯೂ ಇರಿಸಿದೆ.

ಮೇಳದ ಮಿತಿಗಳು

ಈ ವ್ಯವಸ್ಥೆಯನ್ನು ಆದರ್ಶೀಕರಿಸುವುದು ಸರಿಯಾಗದು. ಅಂಗಳದ ಪ್ರವೇಶವೇ ಜಾತಿಯ ಕಟ್ಟಳೆಗೆ ಒಳಪಟ್ಟಿದ್ದ ಕಾಲದಲ್ಲಿ ಯಾರ ಹಾಡು ಯಾರ ಕಿವಿಗೆ ಬೀಳಬೇಕು ಎಂಬುದೂ ಮೊದಲೇ ನಿರ್ಧಾರವಾಗಿರುತ್ತಿತ್ತು. ಅಂಟಿಗೆ-ಪಂಟಿಗೆಯ ಮೇಳ ಗಂಡಸರದ್ದು. ಹೆಂಗಸು ಕಟ್ಟಿದ ಸಾಲು ಆ ಮೇಳವನ್ನು ಸೇರಿದರೂ ಅವಳ ಹೆಸರು ಸೇರಲಿಲ್ಲ. ಸಮುದಾಯದ ಒಪ್ಪಿಗೆಯು ಸಮುದಾಯದ ಭಯಗಳನ್ನೂ ಹೊತ್ತಿರುತ್ತದೆ. ಗೇಣಿದಾರನ ಕಷ್ಟವನ್ನೋ ಸೊಸೆಯ ಸಂಕಟವನ್ನೋ ನೇರವಾಗಿ ನುಡಿದ ಸಾಲುಗಳು ಹಿಮ್ಮೇಳ ಸಿಗದೆ ನಂದಿರಬಹುದು. ತಿರಸ್ಕೃತವಾದ ಹಾಡಿಗೆ ಎರಡನೆಯ ಅವಕಾಶವಿಲ್ಲ ಎಂಬ ಬೊಗಾತ್ಯರೆವ್ ಮತ್ತು ಯಾಕೊಬ್ಸನ್‌ರ ಮಾತಿನ ನೋವಿನ ಮುಖ ಇದು.

ಮುಳುಗಡೆ ಮತ್ತು ದಾಖಲೆ

ಮೇಳಕ್ಕೆ ಹಾಡುಗಾರರಷ್ಟೇ ಸಾಲದು, ಮನೆಗಳ ಸಾಲೂ ಬೇಕು. ಶರಾವತಿಗೆ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1948ರ ವೇಳೆಗೆ ಕಾರ್ಯಾರಂಭ ಮಾಡಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯವು ಆ ಅಣೆಕಟ್ಟನ್ನೂ ಸಾಗರ, ಹೊಸನಗರ ತಾಲ್ಲೂಕುಗಳ ಹಲವಾರು ಹಳ್ಳಿಗಳನ್ನೂ ಮುಳುಗಿಸಿತು. ಕುಟುಂಬಗಳು ಬೇರೆ ಬೇರೆ ಕಡೆಗಳಲ್ಲಿ ನೆಲೆಗೊಂಡವು. ಹಾಡು ಬಲ್ಲವರು ಹೊಸ ಊರಿಗೆ ಹಾಡನ್ನು ಒಯ್ದರು. ಆದರೆ ಒಂದೇ ರಾತ್ರಿಯಲ್ಲಿ ಕಾಲ್ನಡಿಗೆಯಿಂದ ಮುಟ್ಟಬಹುದಾಗಿದ್ದ ಮನೆಗಳ ಸರಣಿಯನ್ನು ಒಯ್ಯಲಾಗಲಿಲ್ಲ. ಹಿನ್ನೀರಿನಾಚೆಯ ತುಮರಿ ಭಾಗದ ಜನರು ದಶಕಗಳ ಕಾಲ ಲಾಂಚಿನ ವೇಳೆಗೆ ಕಟ್ಟುಬಿದ್ದಿದ್ದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದುದು 2025ರ ಜುಲೈನಲ್ಲಿ. ಹಿಮ್ಮೇಳ ಚದುರಿದಾಗ ಹಾಡು ನೆನಪಿನಲ್ಲಿ ಉಳಿಯಬಹುದು, ತಿದ್ದುಪಡಿ ಉಳಿಯುವುದಿಲ್ಲ. ಮುಳುಗಡೆಯ ಸಾಂಸ್ಕೃತಿಕ ನಷ್ಟವನ್ನು ಲೆಕ್ಕ ಹಾಕುವಾಗ ಈ ಅಂಶವನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ಕ್ಯಾಸೆಟ್ಟು ಮತ್ತು ಅನಂತರ ಬಂದ ಮೊಬೈಲ್ ಫೋನುಗಳಿಂದ ಹಾಡನ್ನು ದಾಖಲಿಸುವುದು ಸುಲಭವಾಗಿದೆ. ಇಂದು ಹಾಡು ಕಟ್ಟಿದವರು ಅದನ್ನು ಧ್ವನಿಮುದ್ರಿಸಿ ದೂರದ ನೆಂಟರಿಗೂ ಗೆಳೆಯರಿಗೂ ಕಳುಹಿಸಬಹುದು. ಮೆಚ್ಚುಗೆಯ ಮಾತು ಕ್ಷಣದಲ್ಲಿ ಬರುತ್ತದೆ. ಆದರೆ ಕೇಳಿದವರು ಅದನ್ನು ತಿರುಗಿ ಹಾಡಬೇಕಾದ ಅಗತ್ಯವಿಲ್ಲ. ತಿರುಗಿ ಹಾಡದವರ ಮೆಚ್ಚುಗೆಯಿಂದ ಮೂರನೆಯ ಮಾತ್ರೆ ಎಲ್ಲಿ ತಪ್ಪಿತೆಂಬುದು ತಿಳಿಯದು.

ಸಮಾರೋಪ

ಈ ಅವಲೋಕನದಿಂದ ಜಾನಪದ ಸಂಗ್ರಹಕಾರರು ಮತ್ತು ಗ್ರಂಥಾಲಯಗಳು ಗಮನಿಸಬೇಕಾದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಹಾಡಿನ ಒಂದು ಪಾಠವನ್ನು 'ಶುದ್ಧ ಪಾಠ'ವೆಂದು ಆರಿಸಿ ಉಳಿದವನ್ನು ಕೈಬಿಡುವ ಪದ್ಧತಿಯು ವಿಮರ್ಶೆಯ ಪುರಾವೆಯನ್ನೇ ಅಳಿಸಿಹಾಕುತ್ತದೆ. ಮುಂದೆ ನಿಂತವರ ದನಿಯನ್ನಷ್ಟೇ ಅಲ್ಲದೆ ಹಿಮ್ಮೇಳದ ದನಿಯನ್ನೂ ಪ್ರತ್ಯೇಕವಾಗಿ ದಾಖಲಿಸಬೇಕು. ಒಂದೇ ಹಾಡನ್ನು ರಾತ್ರಿಯ ಮೊದಲ ಮನೆಯಲ್ಲಿಯೂ ಕೊನೆಯ ಮನೆಯಲ್ಲಿಯೂ ಮುದ್ರಿಸಿಕೊಳ್ಳಬೇಕು. ಹೆಂಗಸರ ಹಾಡಿನ ಪುಸ್ತಕಗಳನ್ನು ಅಂದವಾಗಿ ನಕಲು ಮಾಡಿಸಿ ಮೂಲವನ್ನು ಹಿಂದಿರುಗಿಸುವ ಬದಲು, ಹೊಡೆದುಹಾಕಿದ ಸಾಲು, ಅಂಚಿನ ಬರಹ, ಬೇರೆ ಕೈಯ ಸೇರ್ಪಡೆಗಳೊಂದಿಗೆ ಮೂಲದ ಛಾಯಾಪ್ರತಿಯನ್ನೇ ಸಂರಕ್ಷಿಸಬೇಕು. ಪ್ರಸಂಗಗಳ ಹಸ್ತಪ್ರತಿಗಳಲ್ಲಿ ಭಾಗವತರು ಮಾಡಿಕೊಂಡ ಬದಲಾವಣೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಜನಪದ ಹಾಡಿಗೆ ಕರ್ತೃವಿಲ್ಲವೆಂಬ ಮಾತನ್ನು ಕೈಬಿಡಬೇಕಾದ ಅಗತ್ಯವೇನಿಲ್ಲ. ಅದನ್ನು ತಿದ್ದಿಕೊಂಡರೆ ಸಾಕು. ಕಟ್ಟಿದವನು ಒಬ್ಬನಿದ್ದ, ಎತ್ತಿಕೊಂಡವರು ಹಲವರಿದ್ದರು. ಹೊಡೆದುಹಾಕಿದ ಸಾಲುಗಳ ಹಳೆಯ ಹಾಡಿನ ಪುಸ್ತಕಗಳು ಜೋಗ ಸೀಮೆಯ ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ದೊರೆಯುತ್ತವೆ. ಅವುಗಳನ್ನು ಬರೆದವರ ತಲೆಮಾರು ಇರುವಾಗಲೇ, ಯಾವ ಸಾಲನ್ನು ಯಾರು ಏಕೆ ಬದಲಿಸಿದರೆಂದು ಕೇಳಿ ಬರೆದುಕೊಳ್ಳುವ ಕೆಲಸ ತಡವಿಲ್ಲದೆ ನಡೆಯಬೇಕಾಗಿದೆ.